ಹೆಣೆದುಕೊಂಡ ಹಾವುಗಳು: ಅದು ನಾಗ-ಕೇರೆ ಜೋಡಿಯಲ್ಲ

ಮಳೆ ಶುರುವಾಗುವ ಹೊತ್ತಿಗೆ ಗಂಗಾವತಿ, ಸಿಂಧನೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಓಡಾಡುತ್ತದೆ. ಎರಡು ಹಾವು ಹಗ್ಗದಂತೆ ಹೆಣೆದುಕೊಂಡು ಮೇಲೇಳುತ್ತಿರುತ್ತವೆ. ನಾಗರಹಾವು ಕೇರೆಯ ಜೊತೆ ಕೂಡುತ್ತಿದೆ, ಮೇಲೆ ಬಟ್ಟೆ ಹಾಸಿದರೆ ಐಶ್ವರ್ಯ ಬರುತ್ತದೆ ಎಂಬ ಬರಹ ಜೊತೆಗಿರುತ್ತದೆ.

ಇದು ನಿಜವಲ್ಲ. ನಾಗರ ಮತ್ತು ಕೇರೆ ಬೇರೆ ಬೇರೆ ಕುಟುಂಬದ ಹಾವುಗಳು, ಕೂಡುವುದಿಲ್ಲ. ಎರಡೂ ಜಾತಿಗಳಲ್ಲಿ ಗಂಡು, ಹೆಣ್ಣು ಇವೆ. ಇಂಥ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಗಂಡು ಕೇರೆಗಳ ಕುಸ್ತಿ. ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿದ್ದು ಗೆದ್ದಂತೆ. ಸೋತದ್ದು ಸರಿದು ಹೋಗುತ್ತದೆ. ಕಚ್ಚಾಟವಿರುವುದು ಅಪರೂಪ.

ನೀವೇ ನೋಡಬಹುದು. ವಿಡಿಯೋ ನಿಲ್ಲಿಸಿ ತಲೆಯ ಭಾಗ ಹಿಗ್ಗಿಸಿ. ದೊಡ್ಡ ಕಣ್ಣು, ತುಟಿಯ ಮೇಲೆ ಸಾಲಾಗಿ ಕಪ್ಪು ಗೀಟು ಇದ್ದರೆ ಅದು ಕೇರೆ. ಎರಡರಲ್ಲೂ ಹಾಗೇ ಇದೆಯೇ ನೋಡಿ. ಹೆಡೆ ಕಾಣಲಿಲ್ಲ ಎಂಬುದನ್ನಷ್ಟೇ ನಂಬಬೇಡಿ, ನಾಗರವೂ ಸುಮ್ಮನಿದ್ದಾಗ ಹೆಡೆ ಬಿಚ್ಚಿರುವುದಿಲ್ಲ. ಒಂದು ಚಿತ್ರ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಅದೇ ವಿಡಿಯೋ ಬೇರೆ ಊರಿನ ಹೆಸರಲ್ಲೂ ಸಿಗಬಹುದು.

ಹಿರಿಯರಿಂದ ಕೇಳಿದ ಮಾತಾದ್ದರಿಂದ ಜನ ನಂಬಿ ಕಳಿಸುತ್ತಾರೆ, ಅದು ಸಹಜ. ನನಗೆ ಚಿಂತೆ ಆ ಬಟ್ಟೆಯದ್ದು. ಹಾವು ಯಾವುದೆಂದು ತಿಳಿಯದೆ ಹತ್ತಿರ ಹೋಗುವುದು ಜೀವಕ್ಕೇ ಅಪಾಯ. ಕೇರೆಗೆ ವಿಷವಿಲ್ಲ, ಭತ್ತದ ಗದ್ದೆಯ ಇಲಿ ತಿನ್ನುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಬದುವಿನಲ್ಲಿ ಕುಸ್ತಿ ಕಂಡರೆ ದೂರ ನಿಂತು ಜೂಮ್ ಮಾಡಿ ಫೋಟೋ ತೆಗೆಯಿರಿ. ಮುಗಿದ ಮೇಲೆ ಅವೇ ಹೋಗುತ್ತವೆ.