ಕತ್ತಲಾದ ಮೇಲೆ ರಸ್ತೆ ಯಾರದ್ದು?

ಅಣ್ಣ ಮೈಸೂರಿಂದ ವಾಟ್ಸಾಪ್‌ನಲ್ಲಿ ಪ್ಲಾನ್ ಕಳಿಸಿದ. ಶುಕ್ರವಾರ ರಾತ್ರಿ ಆಸ್ಟ್ರೇಲಿಯಾದಲ್ಲಿ ನಾನಿರುವ ಅಡಿಲೇಡ್‌ಗೆ ಬಂದಿಳಿಯುವುದು. ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಕಾಂಗರೂ ದ್ವೀಪ ಮುಗಿಸುವುದು. ಭಾನುವಾರ ಫ್ಲಿಂಡರ್ಸ್ ಬೆಟ್ಟ. ಸೋಮವಾರ ದೇಶದ ನಡುಮಧ್ಯದ ಬಂಡೆಬೆಟ್ಟ ಉಲುರು. ಕೆಳಗೆ ಒಂದು ಸಾಲು: "ರಾತ್ರಿ ಓಡಿಸಿದ್ರೆ ಹಗಲು ಉಳಿಯುತ್ತೆ ಕಣೋ, ಇಬ್ರೂ ಸರದಿ ಮೇಲೆ ಓಡಿಸೋಣ."

ಉಲುರು ಇಲ್ಲಿಂದ 1,500 ಕಿ.ಮೀ.ಗೂ ಜಾಸ್ತಿ. ಬೆಂಗಳೂರಿಂದ ಭೋಪಾಲ್‌ಗೆ ಹೋದ ಹಾಗೆ. ಅದನ್ನು ಮೊದಲ ಫೋನಿನಲ್ಲೇ ಹೊಡೆದುಹಾಕಿದೆ. ಎದೆ ಧಸಕ್ ಅಂದಿದ್ದು ಮಾತ್ರ ಆ ಕೊನೆಯ ಸಾಲು ನೋಡಿ.

ನಮ್ಮದು ಗುಂಡ್ಲುಪೇಟೆ. ಬಂಡೀಪುರದ ರಸ್ತೆಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕಲು ಶುರುವಾಗಿದ್ದು 2009ರಲ್ಲಿ. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಊರಲ್ಲಿ ಬೈಯದವರಿಲ್ಲ. ಕೇರಳಕ್ಕೆ ತರಕಾರಿ ಹೋಗುವ ದಾರಿ ಅದು. ಸಂಜೆ ಲೋಡ್ ಮಾಡಿದ ಟೊಮ್ಯಾಟೊ ಬೆಳಗಿನವರೆಗೆ ಗೇಟಿನ ಮುಂದೆ ಕೂತರೆ ನಷ್ಟ ಯಾರಿಗೆ? ವಯನಾಡಿನವರ ತಕರಾರಂತೂ ಇವತ್ತಿಗೂ ನಿಂತಿಲ್ಲ. ನಾನೂ ಆಗ ಬೈದವನೇ. "ಕಾಡುಪ್ರಾಣಿಗೆ ಹಗಲು ಇಲ್ವಾ?" ಅಂತ ಟೀ ಅಂಗಡಿಯಲ್ಲಿ ಜೋರಾಗಿ ಮಾತಾಡಿದ್ದು ನೆನಪಿದೆ.

ಆ ಮಾತನ್ನು ನಾನು ನುಂಗಿಕೊಂಡಿದ್ದು ಕಾಂಗರೂ ದ್ವೀಪದಲ್ಲಿ.

ಇಲ್ಲಿಗೆ ಬಂದ ಹೊಸದು. ದ್ವೀಪದ ಪಡುವಣ ತುದಿಯ ಫ್ಲಿಂಡರ್ಸ್ ಚೇಸ್ ಕಾಡಿನಲ್ಲಿ ಇಡೀ ದಿನ ಕಳೆದು, ರಿಮಾರ್ಕಬಲ್ ರಾಕ್ಸ್ ಮೇಲೆ ಸೂರ್ಯ ಮುಳುಗುವುದನ್ನೂ ನೋಡಿ, ಬಾಡಿಗೆ ಕಾರಿನಲ್ಲಿ ದ್ವೀಪದ ದೊಡ್ಡ ಊರು ಕಿಂಗ್ಸ್‌ಕೋಟ್‌ಗೆ ವಾಪಸ್ ಹೊರಟೆವು. ನೂರು ಕಿ.ಮೀ. ಆಸುಪಾಸು ದಾರಿ. ಒಂದೂವರೆ ಗಂಟೆ ಅಂದುಕೊಂಡಿದ್ದೆ. ಮೊದಲ ಇಪ್ಪತ್ತು ನಿಮಿಷದಲ್ಲೇ ರಸ್ತೆಯ ಎರಡೂ ಕಡೆ ಪುಟ್ಟ ಪುಟ್ಟ ಕಣ್ಣುಗಳು ಹೊಳೆಯಲು ಶುರುವಾದವು. ಟ್ಯಾಮರ್ ವಾಲಬಿಗಳು. ಮೊಣಕಾಲೆತ್ತರದ ಕಾಂಗರೂ ಅಂದುಕೊಳ್ಳಿ. ನಮ್ಮ ಜಿಂಕೆಯ ಹಾಗೆ ದೀಪ ಕಂಡು ಸುಮ್ನೆ ನಿಲ್ಲುವುದಿಲ್ಲ ಅವು. ಆಚೆ ಹೋದದ್ದು ಮನಸ್ಸು ಬದಲಾಯಿಸಿ ಈಚೆಗೇ ಹಾರುತ್ತದೆ. ದಡ್ ಅಂತ ಒಂದೇ ಸದ್ದು.

ಹೆಂಡತಿ ಫೋನಿನ ಟಾರ್ಚ್ ಹಿಡಿದಳು. ಬಂಪರ್ ಒಳಗೆ ಹೋಗಿತ್ತು. ವಾಲಬಿ ರಸ್ತೆ ಅಂಚಿನಲ್ಲಿ ಬಿದ್ದಿತ್ತು, ಮೈ ಇನ್ನೂ ಬಿಸಿ. ಹೆಣ್ಣಾದರೆ ಹೊಟ್ಟೆಚೀಲ ನೋಡಬೇಕು, ಒಳಗೆ ಮರಿ ಬದುಕಿರಬಹುದು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಕೈ ನಡುಗುತ್ತಿತ್ತು, ಆದರೂ ಬೆರಳು ಹಾಕಿ ನೋಡಿದೆ. ಚೀಲ ಖಾಲಿ. ಬಾಲ ಹಿಡಿದು ರಸ್ತೆಯಿಂದ ದೂರ ಎಳೆದು ಹಾಕಿದೆ. ಹಾಗೆ ಬಿಟ್ಟರೆ ಬೆಳಿಗ್ಗೆ ಹದ್ದು ತಿನ್ನಲು ಬಂದು, ಅದೂ ಇನ್ನೊಂದು ಕಾರಿಗೆ ಸಿಕ್ಕುತ್ತದೆ. ಉಳಿದ ದಾರಿಯನ್ನು ನಲವತ್ತರ ವೇಗದಲ್ಲಿ ತೆವಳಿಕೊಂಡು ಬಂದೆ. ಮರುದಿನ ಕಾರು ಕೊಟ್ಟವರು ಕಾಗದ ತೋರಿಸಿದರು. ಸೂರ್ಯ ಮುಳುಗಿದ ಮೇಲೆ ಪ್ರಾಣಿಗೆ ಗುದ್ದಿದರೆ ವಿಮೆ ಇಲ್ಲ ಅಂತ ಐದನೇ ಪುಟದಲ್ಲಿತ್ತು. ಕೆಳಗೆ ನನ್ನದೇ ಸಹಿ.

ದುಡ್ಡಿನ ಸಿಟ್ಟು ಇಳಿದ ಮೇಲೆ ಇನ್ನೊಂದು ಯೋಚನೆ ಬಂತು. ಈ ದೇಶದಲ್ಲಿ ರಾತ್ರಿ ಓಡಿಸಬೇಡಿ ಅಂತ ಹೇಳುವುದು ವಿಮೆ ಕಾಗದ ಮಾತ್ರ. ರಸ್ತೆ ತೆರೆದೇ ಇರುತ್ತದೆ. ಹಳದಿ ಬೋರ್ಡಿನಲ್ಲಿ ಕಾಂಗರೂ ಚಿತ್ರ ಬರೆದು, ಕಾರಿನ ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟಿಸಿಕೊಂಡು, ನಿಮ್ಮ ಹಣೆಬರಹ ಅಂತ ಬಿಟ್ಟಿದ್ದಾರೆ. ಪ್ರಾಣಿ ವಿಷಯದಲ್ಲಿ ನಮ್ಮವರಿಗೆ ಶಿಸ್ತಿಲ್ಲ ಎಂದು ಇಲ್ಲಿ ಕೂತು ಹೇಳುವ ಕನ್ನಡಿಗರು ಬಹಳ. ಸಫಾರಿ ಜೀಪಿನ ಕಿರುಚಾಟ ನೋಡಿದರೆ ಒಪ್ಪಬೇಕಾದ ಮಾತೇ. ಆದರೆ ಇಡೀ ಹೆದ್ದಾರಿಗೆ ರಾತ್ರಿ ಒಂಬತ್ತು ಗಂಟೆ ಬೀಗ ಹಾಕುವ ಧೈರ್ಯ ಮಾಡಿದ್ದು ನಮ್ಮ ಚಾಮರಾಜನಗರ ಜಿಲ್ಲೆ. ದ್ವೀಪದ ಪಡುವಣ ರಸ್ತೆಗಾದರೂ ಅಂಥ ಒಂದು ಗೇಟು ಬೇಕು ಅನ್ನುವವನು ನಾನು. ಇಲ್ಲಿಯ ಸ್ನೇಹಿತರಿಗೆ ಹೇಳಿದರೆ ನಗುತ್ತಾರೆ. ಬಂಡೀಪುರದಲ್ಲಿ ತುರ್ತು ವಾಹನಕ್ಕೆ, ನಾಲ್ಕಾರು ಬಸ್ಸಿಗೆ ಬಿಡುತ್ತಾರೆ ಅಂತ ವಿವರಿಸಿದರೂ ನಗುತ್ತಾರೆ. 2019ರ ಕೊನೆಗೆ ಶುರುವಾದ ಬೆಂಕಿಯಲ್ಲಿ ದ್ವೀಪದ ಹತ್ತಿರಹತ್ತಿರ ಅರ್ಧ ಸುಟ್ಟಿತು. ಅಷ್ಟಾದ ಮೇಲೂ ಉಳಿದದ್ದನ್ನು ಕಾರಿಗೆ ಕೊಡುವುದು ಯಾವ ಲೆಕ್ಕ?

ಅದಕ್ಕೇ ಅಣ್ಣನ ಪ್ಲಾನನ್ನು ಬೆಳಕಿನ ಲೆಕ್ಕದಲ್ಲಿ ಮತ್ತೆ ಬರೆದೆ. ಅವನಿಗೆ ಡಿಸೆಂಬರ್ ರಜೆ ಬೇಕಿತ್ತು. ಆಗ ಔಟ್‌ಬ್ಯಾಕ್‌ನಲ್ಲಿ, ಅಂದರೆ ಇಲ್ಲಿಯ ಒಣ ಒಳನಾಡಿನಲ್ಲಿ, 40 ಡಿಗ್ರಿ ದಾಟುತ್ತದೆ, ಪ್ರಾಣಿಗಳೇ ನೆರಳು ಬಿಟ್ಟು ಬರುವುದಿಲ್ಲ. ನಮ್ಮ ಮಕ್ಕಳ ಬೇಸಿಗೆ ರಜೆ ಹೊತ್ತಿಗೆ ಇಲ್ಲಿ ತಂಪು ಶುರು. ಹಾಗಾಗಿ ಮೇ ತಿಂಗಳು. ಒಂದೇ ತೊಡಕು, ಸಂಜೆ ಐದೂವರೆಯ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ನಾಲ್ಕೂವರೆಗೆ ರೂಮು ಸೇರಬೇಕು.

ದ್ವೀಪಕ್ಕೆ ಮೂರು ರಾತ್ರಿ. ಕೇಪ್ ಜರ್ವಿಸ್‌ನಿಂದ ಪೆನೆಶಾಗೆ ದೋಣಿಯಲ್ಲಿ ಮುಕ್ಕಾಲು ಗಂಟೆ, ಕಾರೂ ದೋಣಿಯಲ್ಲೇ. ಒಂದು ದಿನ ಪೂರ್ತಿ ಸೀಲ್ ಬೇ ಕಡೆಗೆ. ಅಲ್ಲಿ ರೇಂಜರ್ ಜೊತೆಗೆ ಮಾತ್ರ ಮರಳಿಗೆ ಇಳಿಯಬಹುದು. ಕಡಲಸಿಂಹಗಳು ಮೂರು ದಿನ ನೀರಲ್ಲಿ ಬೇಟೆಯಾಡಿ, ದಡಕ್ಕೆ ಬಂದು ದಿನಗಟ್ಟಲೆ ಮಲಗುತ್ತವೆ. ಹಬ್ಬದೂಟ ಮುಗಿಸಿದ ಮಾವಂದಿರ ಸಾಲು ನೋಡಿದಂತಿರುತ್ತದೆ. ಕೊಆಲಾ ಎಲ್ಲರಿಗೂ ಬೇಕು, ತೋರಿಸೋಣ. 1920ರ ದಶಕದಲ್ಲಿ ಹೊರಗಿಂದ ತಂದು ಬಿಟ್ಟ ಹದಿನೆಂಟರಿಂದ ಬೆಳೆದ ಸಂಸಾರ ಅದು. ದ್ವೀಪದ ಹೆಸರಿನ ಕಥೆ ಕೇಳಿ ಅಣ್ಣ ನಕ್ಕ. 1802ರಲ್ಲಿ ಇಲ್ಲಿ ಇಳಿದ ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್‌ನ ಹಡಗಿನವರು ತಿಂಗಳುಗಟ್ಟಲೆ ತಾಜಾ ಮಾಂಸ ಕಂಡಿರಲಿಲ್ಲ. ಕಾಂಗರೂ ಬೇಟೆಯಾಡಿ ಹೊಟ್ಟೆ ತುಂಬ ತಿಂದರು. ತಿಂದ ಋಣಕ್ಕೆ ಫ್ಲಿಂಡರ್ಸ್ ದ್ವೀಪಕ್ಕೆ ಅವುಗಳ ಹೆಸರನ್ನೇ ಇಟ್ಟ.

ಆಮೇಲೆ ಫ್ಲಿಂಡರ್ಸ್ ಬೆಟ್ಟ. ಅಡಿಲೇಡಿಂದ ಉತ್ತರಕ್ಕೆ 430 ಕಿ.ಮೀ., ಒಂದು ಹಗಲಿನ ದಾರಿ. ಬ್ರಾಚಿನಾ ಕಣಿವೆಯಲ್ಲಿ ಮಧ್ಯಾಹ್ನ ಮೂರಕ್ಕೆ ಕಾರು ನಿಲ್ಲಿಸಿ ಬಾಯಿ ಮುಚ್ಚಿ ಕೂರುವುದು ಅಂತ ಬರೆದಿದ್ದೇನೆ. ಕಲ್ಲುರಾಶಿಯ ಮೇಲೆ ಏನೂ ಇಲ್ಲ ಅನ್ನಿಸುತ್ತದೆ. ಕಣ್ಣು ಪಳಗಿದ ಮೇಲೆ ಕಲ್ಲಿನ ನಡುವೆ ಬಾಲ ಕಾಣುತ್ತದೆ, ಹಳದಿ ಕಂದು ಪಟ್ಟೆಪಟ್ಟೆ. ಹಳದಿ ಕಾಲಿನ ಬಂಡೆ ವಾಲಬಿ. 1992ರಿಂದ ನರಿ, ಕಾಡುಬಿದ್ದ ಆಡುಗಳನ್ನು ಹದ್ದುಬಸ್ತಿಗೆ ತಂದದ್ದರಿಂದ ಮತ್ತೆ ಚೇತರಿಸಿಕೊಂಡ ಪ್ರಾಣಿ. ಕೆಳಗೆ ಒಣಗಿದ ಹೊಳೆಯಲ್ಲಿ ಪಟ್ಟೆ ಮರಿಗಳನ್ನು ನಡೆಸಿಕೊಂಡು ಎಮು ಹೋಗುತ್ತಿದ್ದರೆ, ಅದು ಅಪ್ಪ. ಮೊಟ್ಟೆಗೆ ಕಾವು ಕೊಡುವುದರಿಂದ ಹಿಡಿದು ಎಲ್ಲವೂ ಅವನದೇ.

ಅಣ್ಣನಿಗೆ ಇದು ಹಿಡಿಸಲಿಲ್ಲ. "ಕಬಿನಿಯಲ್ಲಿ ಡ್ರೈವರೇ ಹೆಜ್ಜೆ ನೋಡ್ತಾನೆ, ಜಿಂಕೆ ಕೂಗಿದ ಕಡೆ ಜೀಪು ತಿರುಗಿಸ್ತಾನೆ. ಎರಡು ಟ್ರಿಪ್ಪಲ್ಲಿ ಹುಲಿ. ನಿನ್ನ ಪ್ಲಾನಲ್ಲಿ ಕೂತ್ಕೊಳ್ಳೋದೇ ಕೆಲಸ." ಅವನದೂ ತಪ್ಪಲ್ಲ. ಕಬಿನಿಯ ಡ್ರೈವರ್‌ಗೆ ಗೊತ್ತಿರುವ ಕಾಡು ನನಗೆ ಇಲ್ಲಿ ಹತ್ತು ವರ್ಷ ಕಳೆದರೂ ಗೊತ್ತಾಗುವುದಿಲ್ಲ. ಇಲ್ಲಿ ಡ್ರೈವರೂ ನೀನೇ, ಗೈಡೂ ನೀನೇ. ಔಟ್‌ಬ್ಯಾಕ್‌ನಲ್ಲಿ ಕಾರು ಕೆಟ್ಟರೆ ಕಾರು ಬಿಟ್ಟು ಹೋಗಬಾರದು, ನೀರು ಬೇಕಾದಷ್ಟು ಇರಬೇಕು, ಮೊಬೈಲ್ ಸಿಗ್ನಲ್ ನಂಬಬಾರದು. ಇದನ್ನೆಲ್ಲ ಹೇಳಿದಾಗ ಮಾತ್ರ ಅವನು ಸ್ವಲ್ಪ ಗಂಭೀರವಾದ.

ಕೊನೆಗೆ ಕೇಳಿದ, "ನಾಲ್ಕೂವರೆಗೆ ರೂಮು ಸೇರಿ ಏನೋ ಮಾಡೋದು?"

"ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಕೋ. ಅವೇ ಅಂಗಳಕ್ಕೆ ಬರ್ತವೆ."

ಅತ್ತಿಗೆ ಚಕ್ಕುಲಿ, ಕೊಡಗಿನ ಜೇನು ತರುತ್ತೇನೆ ಅಂದರು. ಜೇನನ್ನು ಅಡಿಲೇಡ್‌ನ ನಮ್ಮ ಮನೆಯಲ್ಲೇ ಬಿಟ್ಟು ಹೋಗಬೇಕಾಗುತ್ತೆ ಅತ್ತಿಗೆ, ಅಂದೆ. ದ್ವೀಪದಲ್ಲಿ ಇಟಲಿಯ ಲಿಗೂರಿಯಾದಿಂದ ಬಂದ ಜೇನ್ನೊಣದ ತಳಿ ಇದೆ. ಅದನ್ನು ಕಾಪಾಡಲು 1885ರಲ್ಲೇ ಕಾಯ್ದೆ ಮಾಡಿದ್ದಾರೆ, ಹೊರಗಿನ ಜೇನು ಒಂದು ತೊಟ್ಟೂ ದೋಣಿ ಹತ್ತುವಂತಿಲ್ಲ.

"ಪರವಾಗಿಲ್ವೇ, ಅಲ್ಲೂ ಒಂದು ಗೇಟ್ ಇಟ್ಟಿದ್ದಾರೆ" ಅಂದರು ಅತ್ತಿಗೆ.