ಕೊಡೆ ಇರುವುದು ಸೇತುವೆಗೆ

ಅಮೆರಿಕದ ಕಾರ್ನಿಷ್–ವಿಂಡ್ಸರ್ ಮರದ ಸೇತುವೆಗೆ ಮಾಡು, ಅಂದರೆ ಸೂರು, ಯಾಕೆ ಎಂದು ಕೇಳಿ ನೋಡಿ. ಕುದುರೆ ನೀರು ಕಂಡು ಬೆದರಬಾರದಲ್ಲ ಅಂತಾರೆ ಒಬ್ಬರು. ಪ್ರೇಮಿಗಳಿಗೆ ಮರೆ ಬೇಡವೇ ಅಂತಾರೆ ಇನ್ನೊಬ್ಬರು. ನಿಜವಾದ ಕಾರಣದಲ್ಲಿ ಅಂಥ ರಸವೇನಿಲ್ಲ. ಕೊಡೆ ಇರುವುದು ನಮಗಲ್ಲ, ಸೇತುವೆಗೆ. ಮಳೆಗೆ ಬಿಟ್ಟ ಮರದ ಸೇತುವೆಯ ಕೀಲುಗಳಲ್ಲಿ ನೀರು ನಿಂತು ಇಪ್ಪತ್ತು ವರ್ಷದೊಳಗೆ ಲಡ್ಡಾಗುತ್ತದೆ. ಮಾಡು ಹೊದ್ದ ಇದು 1866ರಿಂದ ನಿಂತಿದೆ. ಉದ್ದ ಸುಮಾರು 449 ಅಡಿ, ಆಗಿನ ಖರ್ಚು 9,000 ಡಾಲರ್. ಅದೇ ಜಾಗದಲ್ಲಿದ್ದ ಹಿಂದಿನ ಮೂರು ಸೇತುವೆಗಳನ್ನು ಕನೆಕ್ಟಿಕಟ್ ನದಿಯ ನೆರೆ ನುಂಗಿತ್ತು. ನೆರೆಗೆ ಕೊಡೆ ಏನು ಮಾಡೀತು ಹೇಳಿ.

ತಾಪತ್ರಯ ಶುರುವಾಗುವುದೇ ಮಾಡಿನಿಂದ. ಹಳೆಯ ಕಾಲದ ಚಳಿಗಾಲದಲ್ಲಿ ಊರೆಲ್ಲ ಜಾರುಬಂಡಿ. ಅದಕ್ಕೆ ಅಡಿಯಲ್ಲಿ ಹಿಮ ಬೇಕು, ಆದರೆ ಮಾಡಿನ ಕೆಳಗೆ ಒಣ ಹಲಗೆ. ಹಾಗಾಗಿ ಕೂಲಿ ಕೊಟ್ಟು ಹೊರಗಿನ ಹಿಮವನ್ನು ಸಲಿಕೆಯಿಂದ ಒಳಗೆ ಸುರಿಸುತ್ತಿದ್ದರು! ಹಿಮ ಬೀಳದಿರಲೆಂದು ಮಾಡು, ಬೀಳಲಿಲ್ಲವೆಂದು ಕೂಲಿ.

ದ್ವಾರದ ಮೇಲೊಂದು ಫಲಕ ಇದೆ: ಕುದುರೆಯನ್ನು ಓಡಿಸದೆ ನಡೆಸಿ, ಇಲ್ಲದಿದ್ದರೆ 2 ಡಾಲರ್ ದಂಡ. ಇದು ಕುದುರೆಯ ಮೇಲಿನ ಕರುಣೆಯಲ್ಲ. ಗೊರಸುಗಳು ಒಂದೇ ತಾಳದಲ್ಲಿ ಬಡಿದರೆ ಇಡೀ ಚೌಕಟ್ಟು ತೂಗಾಡುತ್ತದೆ, ಕೀಲುಗಳು ಸಡಿಲವಾಗುತ್ತವೆ. ತೊಲೆಗಳನ್ನು ಓರೆಯಾಗಿ ಜಾಲರಿಯಂತೆ ಹೆಣೆದ ಇಂಥ ಕಟ್ಟೋಣಕ್ಕೆ ಅಮೆರಿಕದ ವಾಸ್ತುಶಿಲ್ಪಿ ಇಥಿಯಲ್ ಟೌನ್ 1820ರಲ್ಲಿ ಪೇಟೆಂಟ್ ಪಡೆದಿದ್ದ. ಒಂದು ಕೀಲು ಸಡಿಲವಾದರೆ ಅದರ ಭಾರ ಪಕ್ಕದ್ದರ ತಲೆಗೆ, ಕೂಡುಕುಟುಂಬದ ಹಾಗೆ.

ಇನ್ನು ಗಡಿ. ಸೇತುವೆಯ ಒಂದು ತುದಿ ವರ್ಮಾಂಟ್ ರಾಜ್ಯದ ವಿಂಡ್ಸರ್, ಇನ್ನೊಂದು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕಾರ್ನಿಷ್. ನದಿಯ ಪಶ್ಚಿಮ ದಡದ ತಗ್ಗುನೀರಿನ ಗೆರೆಯೇ (ನೀರು ಇಳಿದಾಗಿನ ಅಂಚೇ) ಗಡಿಯೆಂದು 1933ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಿರ್ಧರಿಸಿತು. ವರ್ಮಾಂಟಿನ ವಿಂಡ್ಸರ್‌ನಿಂದ ಒಳಹೊಕ್ಕರೆ ನಾಲ್ಕು ಹೆಜ್ಜೆಗೇ ನ್ಯೂ ಹ್ಯಾಂಪ್‌ಷೈರ್. ಹೆಸರು ಇಬ್ಬರದು, ಸೇತುವೆ ಬಹುಪಾಲು ಒಬ್ಬರದು.

ಈಗ ಕುದುರೆಯ ಬದಲು ಬಾಡಿಗೆ ಡಬ್ಬಿ ಲಾರಿ. ವರ್ಮಾಂಟಿನ ಲಿಂಡನ್‌ನಲ್ಲಿರುವ 1878ರ ಇಂಥದೇ ಮಾಡಿನ ಸೇತುವೆಗೆ ಇವು ಪದೇಪದೇ ತಲೆ ಕೊಡುತ್ತವೆ. ಮನೆ ಸಾಮಾನು ಸಾಗಿಸುವವನಿಗೆ ತನ್ನ ಕಾರಿನ ಎತ್ತರದ ಅಂದಾಜಿರುತ್ತದೆ, ಲಾರಿಯದಲ್ಲ. ಜಿಪಿಎಸ್‌ಗೆ ಎರಡೂ ಒಂದೇ. ದ್ವಾರದ ಹಲಗೆ ಮುರಿದರೆ ಅಗ್ಗ, ಮೇಲಿನ ಅಡ್ಡತೊಲೆ ಮುರಿದರೆ ದುಬಾರಿ. ಇನ್ನೊಂದು ಮೋಸವಿದೆ: ತುಂಬಿದ ಲಾರಿಯ ಸ್ಪ್ರಿಂಗ್ ತಗ್ಗಿರುತ್ತದೆ, ಖಾಲಿಯದು ಎದ್ದಿರುತ್ತದೆ. ಹೋಗುವಾಗ ಕೂದಲೆಳೆಯಲ್ಲಿ ಪಾರಾದದ್ದು ಬರುವಾಗ ಸಿಕ್ಕಿಕೊಳ್ಳಬಹುದು. ಆಗ ಮುಂದೆ ನುಗ್ಗಬಾರದು; ಟಯರಿನ ಗಾಳಿ ಸ್ವಲ್ಪ ಇಳಿಸಿ, ಮೆಲ್ಲಗೆ ರಿವರ್ಸ್ ತೆಗೆಯಬೇಕು. ಅಷ್ಟರಲ್ಲಿ ಹಿಂದೆ ನಿಂತ ಕಾರಿನವರೆಲ್ಲ ಇಳಿದು ಫೋಟೊ ತೆಗೆಯುತ್ತಿರುತ್ತಾರೆ.