ಹೊನ್ನೆ ನೀರು

ಇವತ್ತೂ ಉಗುರುಬೆಚ್ಚಗಿನ ನೀರಲ್ಲೇ ಸ್ನಾನ ಆಯ್ತು. ತೀರ್ಥಹಳ್ಳಿ ಕಡೆಯ ಆಷಾಢದ ಮಳೆ ನಿಮಗೆ ಗೊತ್ತೇ ಇದೆ. ಬಚ್ಚಲೊಲೆಗೆ ತುರುಕಿದ ಕಟ್ಟಿಗೆ ಉರಿಯೋದು ಬಿಟ್ಟು ತುದಿಯಲ್ಲಿ ನೊರೆ ಕಾರ್ತಾ ಸುಂಯ್ ಅಂತದೆ. ಊದಿ ಊದಿ ನನ್ನ ಕಣ್ಣು ಕೆಂಪಾದದ್ದು ಬಿಟ್ಟರೆ ಒಲೆಯಲ್ಲಿ ಎಲ್ಲೂ ಕೆಂಪು ಕಾಣಲಿಲ್ಲ.

ಬೇಸಿಗೆಯಲ್ಲೇ ತರಿಸಿ ಅಂತ ಬಡಕೊಂಡಿದ್ದೆ. ಮಳೆ ಹಿಡಿದ ಮೇಲೆ ಒಂದು ಪಿಕಪ್ ಲೋಡು ಬಂತು. "ಪೂರ್ತಿ ಮತ್ತಿ ಅಕ್ಕಾ" ಅಂದ ತಂದವನು. ಮತ್ತಿ ತೊಗಟೆ ಮೊಸಳೆ ಬೆನ್ನಿನ ಹಾಗೆ ಒಡೆದಿರ್ತದೆ ಅನ್ನೋದು ನನಗೂ ಗೊತ್ತು. ಈ ಲೋಡಿನಲ್ಲಿ ಮೊಸಳೆ ಹಾಳಾಗಲಿ, ಓತಿಕ್ಯಾತವೂ ಇರಲಿಲ್ಲ.

ಜಗಳ ತೆಗೆಯುವಷ್ಟರಲ್ಲಿ ಮಾವಯ್ಯ ಬಂದರು. ಅವರಿಗೆ ಕಟ್ಟಿಗೆ ಕಂಡರೆ ಮೂಸಲೇಬೇಕು. ಕುಂಟೆ ಎತ್ತಿ, ಕೊಯ್ದ ಜಾಗಕ್ಕೆ ಎಂಜಲು ಹಚ್ಚಿ ಉಜ್ಜಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ. "ನಂದಿ." ಮತ್ತೊಂದು. "ಹಲಸು." (ಅರಿಶಿನದಷ್ಟು ಹಳದಿ ಇತ್ತು, ಅದಕ್ಕೆ ಮೂಗು ಬೇಕಿರಲಿಲ್ಲ.) ಮಳೆಯಲ್ಲಿ ಕೊಡೆ ಹಿಡಿದು ನಿಂತವಳು ನಾನು. ಹದಿನೇಳನೇ ಕುಂಟೆಗೆ ಮುಖ ಅರಳಿತು. "ಹೊನ್ನೆ! ಇದನ್ನ ಸುಡ್ತಾರನೇ ಮಾರಾಯ್ತಿ? ಶುಗರಿಗೆ ಔಷಧಿ!"

ಅಲ್ಲೇ ಚಕ್ಕೆ ಎಬ್ಬಿಸಿ ಗಾಜಿನ ಲೋಟದಲ್ಲಿ ನೆನೆಹಾಕಿದರು. ಮೂರು ದಿನ ಖಾಲಿ ಹೊಟ್ಟೆಗೆ ಕುಡಿದದ್ದೂ ಆಯ್ತು. ನಾಲ್ಕನೇ ದಿನ ಅರ್ಧ ಗಂಟೆ ಬಿಸಿಲು ಬಿತ್ತು ನೋಡಿ, ಲೋಟ ಹಿಡ್ಕೊಂಡು ಅಂಗಳಕ್ಕೇ ಓಡಿದರು. ಹೊನ್ನೆ ನೀರಾದರೆ ಬಿಸಿಲಿಗೆ ನೀಲಿ ಹೊಳೆಯಬೇಕಂತೆ.

"ನೀಲಿ ಕಾಣ್ತದಲ್ಲನೇ?"

ಕಂಡಿತು. ಲೋಟದ ಆಚೆ ನಿಂತಿದ್ದ ನನ್ನ ನೈಟಿ ನೀಲಿ. ನಾನು ಪಕ್ಕಕ್ಕೆ ಸರಿದೆ, ನೀಲಿಯೂ ಸರೀತು.

ಕಟ್ಟಿಗೆ ಒಡೆಯೋಕೆ ಬಂದವನು ಕೊಡಲಿ ಇಳಿಸಿ ಒಂದು ಸಲ ನೋಡಿದ. "ಅಯ್ಯಾ, ಅದು ಅಕೇಶಿಯಾ."

ಮಾವಯ್ಯ ಮಾತಾಡಲಿಲ್ಲ. ಅವರು ದನ ಕಾಯುತ್ತಿದ್ದ ಕಾಲಕ್ಕೆ ಎದುರಿನ ಗುಡ್ಡದಲ್ಲಿ ಮತ್ತಿ, ನಂದಿ, ಹೊನ್ನೆ ಎಲ್ಲ ಇದ್ದವಂತೆ. ಈಗ ಬುಡದಿಂದ ತಲೆವರೆಗೂ ಅಕೇಶಿಯಾ ನೆಡುತೋಪು. ಆ ಮೂಗು ಕಲಿತ ಕಾಡೇ ಬೇರೆ. ಒಂದು ಕ್ಷಣ ಪಾಪ ಅನ್ನಿಸಿತು, ಹಂಡೆ ನೀರು ಮುಟ್ಟಿ ನೋಡುವವರೆಗೆ.

ಲೋಟದ ನೀರು ದಾಸವಾಳದ ಬುಡಕ್ಕೆ ಹೋಯ್ತು. ಕುಂಟೆ ಮಾತ್ರ ಜಗುಲಿ ಮೇಲೇ ಇದೆ. ಇಡೀ ಲೋಡಿನಲ್ಲಿ ಒಣಗಿದ್ದು ಅದೊಂದೇ. ಒಲೆಗೆ ಹಾಕೋಣ ಅಂತ ಎತ್ತಿದರೆ ಒಳಗಿಂದ ಕೂಗು ಬರ್ತದೆ: "ಅದು ಇರಲಿ, ಇನ್ನೊಂದ್ಸಲ ನೋಡ್ತೆ!"